ಮೈನಸ್ 11 ಪವರ್‌ಗೆ ಐಸಿಎಲ್ ಮಾಡಿಸಬಹುದಾ?

ವಯಸ್ಸು 24, ಪವರ್ ಮೈನಸ್ 11, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳು, ಅದನ್ನು ಲೇಸರ್‌ನಿಂದ ಸವೆಸುವ ಲೇಸಿಕ್ ಆಗಲ್ಲ ಅಂದಿದ್ದಾರೆ, ಕಣ್ಣೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಮಾಡಿಸಲಾ ಅಂತ ಕೇಳಿದ್ದೀರಿ. ನಿಮ್ಮಂಥವರಿಗೇ ಇರುವ ದಾರಿ ಅದು. ಕಾರ್ನಿಯಾವನ್ನು ಸವೆಸುವುದಿಲ್ಲ. ಪಾಪೆಯ ಹಿಂದೆ, ನಿಮ್ಮದೇ ಲೆನ್ಸಿನ ಮುಂದೆ, ಇನ್ನೊಂದು ತೆಳು ಲೆನ್ಸ್ ಕೂರಿಸುತ್ತಾರೆ. ಬೇಕಾದರೆ ತೆಗೆಯಲೂಬಹುದು.

ಆದರೆ ಅದಕ್ಕೆ ಒಳಗೆ ಜಾಗ ಬೇಕಲ್ವಾ? ಕಾರ್ನಿಯಾದಿಂದ ಲೆನ್ಸಿನವರೆಗಿನ ಆಳ ಸಾಮಾನ್ಯವಾಗಿ 3 ಮಿಲಿಮೀಟರಾದರೂ ಇರಬೇಕು. ಟೆಸ್ಟಿಗೆ ಮಂಗಳೂರಿಗೆ ಹೋಗುವಾಗ ಹಳೇ ಕನ್ನಡಕದ ಚೀಟಿ ಒಯ್ಯಿರಿ, ವರ್ಷದಿಂದ ಪವರ್ ನಿಂತಿದೆಯಾ ಅಂತ ನೋಡುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಟೆಸ್ಟಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಫೋನಲ್ಲೇ ಕೇಳಿ. ಇಲ್ಲದಿದ್ದರೆ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಸುಮ್ನೆ ಎರಡೆರಡು ಸಲ ಓಡಾಟ.

ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತಪಾಸಣೆ ಮಾತ್ರ ಆಮೇಲೂ ಬಿಡಬೇಡಿ. ಕನ್ನಡಕ ಹೋದರೂ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತದೆ, ರೆಟಿನಾ ಹರಿಯುವ ಅಪಾಯವೂ ಉಳಿಯುತ್ತದೆ. ಆಪರೇಷನ್ ಆದಮೇಲೆ ಮಲ್ಪೆ ಕಡಲಲ್ಲಿ ನೀರಿಗಿಳಿಯುವುದು ಡಾಕ್ಟರ್ ಹೂಂ ಅಂದ ಮೇಲೆ.