ಗೊಗೋಲ್‌ನ ‘ಮೂಗು’ ಕತೆಯಲ್ಲಿ ನಗೋದು ಎಲ್ಲಿ?

ರಷ್ಯಾದ ಲೇಖಕ ಗೊಗೋಲ್‌ನ ‘ಮೂಗು’ (1836) ತಮಾಷೆಯ ಕತೆ ಅಂತಾರೆ, ಆದರೆ ಓದಿದರೆ ನಗುವೇ ಬರಲಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ದರ್ಜೆಗಳ ಲೆಕ್ಕ. ರಷ್ಯಾದ ಪೀಟರ್ ದೊರೆ 1722ರಲ್ಲಿ ಸರ್ಕಾರಿ ನೌಕರಿಯನ್ನೆಲ್ಲ 14 ದರ್ಜೆ ಮಾಡಿದ, 1 ಎಲ್ಲಕ್ಕಿಂತ ಮೇಲೆ. ಮೊದಲು ಇಷ್ಟು ಬರೆದಿಟ್ಟುಕೊಳ್ಳಿ: ಕತೆಯ ನಾಯಕ ಕೊವಾಲ್ಯೋವ್ 8ನೇ ದರ್ಜೆಯ ನಾಗರಿಕ ಅಧಿಕಾರಿ, ಆದರೂ ಜಂಬಕ್ಕೆ ಸೈನ್ಯದವರ ಹಾಗೆ ‘ಮೇಜರ್’ ಅಂತ ಹೇಳಿಕೊಂಡು ಓಡಾಡುತ್ತಾನೆ, ಅವನ ಮುಖದಿಂದ ಕಾಣೆಯಾಗಿ ಅಧಿಕಾರಿಯ ವೇಷದಲ್ಲಿ ಊರು ಸುತ್ತುವ ಮೂಗು 5ನೇ ದರ್ಜೆ.

ಆಮೇಲೆ ಅವನು ಮೂಗನ್ನು ಮಾತಾಡಿಸುವ, ಪೀಟರ್ಸ್‌ಬರ್ಗಿನ ಕಜಾನ್ ಚರ್ಚಿನ ಭಾಗ ಮತ್ತೆ ಓದಿ (ಮೊದಲ ಮುದ್ರಣದಲ್ಲಿ ಸೆನ್ಸಾರ್ ಕಾಟಕ್ಕೆ ಅದು ಅಂಗಡಿ ಸಾಲಾಗಿತ್ತು). ತನ್ನದೇ ಮೂಗಿನ ಮುಂದೆ ಅವನು ಯಾಕೆ ತಡವರಿಸುತ್ತಾನೆ ಅಂತ ಆಗ ಗೊತ್ತಾಗುತ್ತದೆ, ಮೇಲಧಿಕಾರಿ ಅಲ್ವಾ! ನಂತರ ಪತ್ರಿಕೆ ಕಚೇರಿ: ಮೂಗು ಕಳೆದುಹೋಗಿದೆ ಅಂತ ಜಾಹೀರಾತು ಹಾಕಿದರೆ ಪತ್ರಿಕೆಯ ಹೆಸರು ಕೆಡುತ್ತದೆ ಅನ್ನೋದೇ ಗುಮಾಸ್ತನ ಚಿಂತೆ.

ಮೂಗು ಯಾಕೆ ಹೋಯಿತು, ಯಾಕೆ ವಾಪಸ್ ಬಂತು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಕತೆ ಹೇಳುವವನೇ ಕೊನೆಗೆ ತನಗೂ ಅರ್ಥವಾಗಿಲ್ಲ ಅನ್ನುತ್ತಾನೆ.