ಕೇಸ್ ಶೀಟಿನ ಆ ಒಂದು ಸಾಲು

ಪ್ರಶ್ನೆ: ಖಾಸಗಿ ಆಸ್ಪತ್ರೆಯೊಂದರಲ್ಲಿ 14 ವರ್ಷಗಳಿಂದ ನರ್ಸ್ ಆಗಿದ್ದೇನೆ. ಕಳೆದ ವರ್ಷ ವಾರ್ಡಿನ ಇನ್‌ಚಾರ್ಜ್ ಆದೆ. ಜನವರಿಯಲ್ಲಿ ಸಿಬ್ಬಂದಿ ಕಡಿಮೆಯಿದ್ದ ಒಂದು ರಾತ್ರಿ ನಾನೇ ಡ್ಯೂಟಿಗೆ ನಿಂತು, ಮಿಲಿಲೀಟರಿಗೆ 100 ಯೂನಿಟ್‌ ಇರುವ ಇನ್ಸುಲಿನ್ ಅನ್ನು 40 ಯೂನಿಟ್‌ನದಕ್ಕೆಂದು ಇರುವ ಸಿರಿಂಜ್‌ನಲ್ಲಿ ಎಳೆದು ಕೊಟ್ಟುಬಿಟ್ಟೆ. ರೋಗಿಯ ಸಕ್ಕರೆ 48ಕ್ಕೆ ಇಳಿಯಿತು. ಡ್ಯೂಟಿ ಡಾಕ್ಟರ್ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಕೊಡಿಸಿದರು, ಬೆಳಗಾಗುವುದರೊಳಗೆ ರೋಗಿ ಸುಧಾರಿಸಿದರು. ಕೇಸ್ ಶೀಟಿನಲ್ಲಿ ‘ರಾತ್ರಿ ಊಟ ಸರಿಯಾಗಿ ಮಾಡಿರಲಿಲ್ಲ’ ಎಂದು ಬರೆದೆ. ಹೋದ ತಿಂಗಳು ಹೊಸ ಹುಡುಗಿಯೊಬ್ಬಳು ಇದೇ ತಪ್ಪು ಮಾಡಿ, ತಾನೇ ಬಂದು ಹೇಳಿದಳು. ಎಲ್ಲರೆದುರು ಬೈದು ಮೆಮೊ ಕೊಡಿಸಿದೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ನಿಜ ಹೇಳಿದರೆ ಹುಡುಗಿಯರು ಮುಂದೆ ನನ್ನ ಮಾತು ಕೇಳುತ್ತಾರೆಯೇ?
– ಹೆಸರು ಬೇಡ

ಉತ್ತರ: ಸಿಸ್ಟರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ‘ತಾನೇ ಬಂದು ಹೇಳಿದಳು’ ಎಂಬಲ್ಲಿ. ನಿಮ್ಮಿಂದ ಆಗದಿದ್ದುದನ್ನು ಆ ಹುಡುಗಿ ಮಾಡಿದಳು, ಮೆಮೊ ಪಡೆದಳು. ನೋಡುತ್ತ ನಿಂತಿದ್ದ ಉಳಿದವರು ಅಂದು ಏನು ಕಲಿತಿರಬಹುದು?

ಕೈತಪ್ಪಿನ ಬಗ್ಗೆ ನಿಮ್ಮನ್ನು ದೂರುವುದಿಲ್ಲ. ನಮ್ಮಲ್ಲಿ 40 ಮತ್ತು 100 ಯೂನಿಟ್‌ನ ಇನ್ಸುಲಿನ್ ಎರಡೂ ಸಿಗುತ್ತವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ನಿಮಗಾದಂತೆ ಅದಲುಬದಲಾದರೆ, 10 ಯೂನಿಟ್ ಎಂದು ಕೊಟ್ಟದ್ದು 25 ಯೂನಿಟ್ ಆಗಿರುತ್ತದೆ. ನಿದ್ದೆಗೆಟ್ಟ ರಾತ್ರಿಯಲ್ಲಿ ನುರಿತ ಕೈಯೂ ಇಲ್ಲಿ ಎಡವುತ್ತದೆ. ಒಂದೇ ವಾರ್ಡಿನಲ್ಲಿ ಎರಡು ಸಲ ಹೀಗಾಯಿತೆಂದರೆ ಎರಡೂ ಬಗೆಯ ಬಾಟಲಿಗಳು ಒಂದೇ ಫ್ರಿಜ್‌ನಲ್ಲಿ ಅಕ್ಕಪಕ್ಕ ಕುಳಿತಿವೆ ಎಂದು ಊಹಿಸುತ್ತೇನೆ. ಜನವರಿಯಲ್ಲೇ ನೀವು ಬಾಯಿಬಿಟ್ಟಿದ್ದರೆ ಅವು ಬೇರೆಯಾಗುತ್ತಿದ್ದವು; ಆ ಹುಡುಗಿ ಎಡವುತ್ತಲೇ ಇರಲಿಲ್ಲವೇನೋ. ಇಷ್ಟು ನೊಂದಿರುವವರಿಗೆ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೆ ನಿಮ್ಮ ನಿದ್ದೆ ಕದ್ದಿರುವುದು ಇದೇ ಎಂದು ನನಗನ್ನಿಸುತ್ತದೆ.

ಮಾತು ಕೇಳುತ್ತಾರೆಯೇ ಎಂದಿರಿ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ವಾರ್ಡ್‌ಗಳಲ್ಲಿ ಆಗುವ ಔಷಧದ ತಪ್ಪುಗಳ ಕುರಿತು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಮೇಲ್ವಿಚಾರಕಿ ಇರುವ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಲೆಕ್ಕ ತಿರುಗುಮುರುಗಾಯಿತು: ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನ ನರ್ಸ್‌ಗಳಿಗೆ ಹೇಳಿಕೊಳ್ಳಲು ಭಯವಿರಲಿಲ್ಲ ಎಂಬುದು ಅವರಿಗೆ ಕಂಡ ಕಾರಣ. ಭಯವಿದ್ದ ಕಡೆ ತಪ್ಪುಗಳು ನಿಮ್ಮ ಆ ಸಾಲಿನ ಹಾಗೆ ಅಡಗಿಕೊಳ್ಳುತ್ತವೆ. ಹಾಗಾಗಿ ನೀವು ಮೊದಲು ಗಳಿಸಬೇಕಾದದ್ದು ಅವರು ನಿಮ್ಮ ಬಳಿ ಬಂದು ಹೇಳುವ ಧೈರ್ಯವನ್ನು; ನಿಮ್ಮ ಮಾತು ಕೇಳುವುದು ಆಮೇಲಿನದು.

ನರ್ಸಿಂಗ್ ಸೂಪರಿಂಟೆಂಡೆಂಟ್ ಹಾಗೂ ಆ ರೋಗಿಯ ವೈದ್ಯರಿಗೆ ಮೊದಲು ತಿಳಿಸಿ, ಬರಹದಲ್ಲಿ ವರದಿ ಕೊಡಿ. ಹಳೆಯ ಸಾಲನ್ನು ಅಳಿಸಬೇಡಿ, ಅದರ ಮೇಲೆ ಗೀಚಬೇಡಿ. ಇಂದಿನ ತಾರೀಕು ಹಾಕಿ ತಿದ್ದುಪಡಿಯನ್ನು ಬೇರೆಯಾಗಿ ಸೇರಿಸುವ ಕ್ರಮವನ್ನು ಅವರಿಂದಲೇ ಕೇಳಿ ತಿಳಿಯಿರಿ. ರೋಗಿಗೂ ಗೊತ್ತಾಗಬೇಕು, ವೈದ್ಯರ ಜೊತೆಗೂಡಿ ಹೇಳಿ. ಇನ್‌ಚಾರ್ಜ್ ಹುದ್ದೆ ಉಳಿಯುತ್ತದೆಂದು ನಾನು ಭರವಸೆ ಕೊಡಲಾರೆ.

ಬೈದದ್ದು ಎಲ್ಲರೆದುರು, ಆದ್ದರಿಂದ ಕ್ಷಮೆಯನ್ನೂ ಎಲ್ಲರೆದುರೇ ಕೇಳಿ, ಪಾಳಿ ಬದಲಾಗುವ ಹೊತ್ತಿನಲ್ಲಿ. ಅಲ್ಲಿ ಅತ್ತು ಮನಸ್ಸು ಹಗುರ ಮಾಡಿಕೊಳ್ಳಬೇಡಿ. ನಿಮ್ಮನ್ನು ಸಂತೈಸುವ ಹೊರೆ ಆ ಮಕ್ಕಳಿಗೆ ಬೇಡ. ಜನವರಿಯಲ್ಲಿ ಏನಾಯಿತು, ಏನು ಮುಚ್ಚಿಟ್ಟಿರಿ, ಇಂದಿನಿಂದ ಫ್ರಿಜ್‌ನಲ್ಲಿ ಏನು ಬದಲಾಗುತ್ತದೆ, ಇಷ್ಟು ಸಾಕು. ಮೆಮೊ ಹಿಂಪಡೆಯುವಂತೆ ನೀವೇ ಪತ್ರ ಕೊಡಿ, ಅದರ ಪ್ರತಿ ಅವಳ ಕೈಯಲ್ಲಿರಲಿ.

ಅದಕ್ಕೂ ಮುನ್ನ ಅವಳೊಬ್ಬಳೊಂದಿಗೆ ಮಾತನಾಡಿ. ಈ ವಾರ ಅವಳಿಗೆ ರಾತ್ರಿ ಪಾಳಿಯಿದ್ದರೆ, ಬೆಳಿಗ್ಗೆ ಅವಳು ಬಸ್ ಹತ್ತುವ ಮೊದಲೇ.