ವಿಜ್ಞಾನಿಗಳ ಸಂಶೋಧನೆಯಿಂದ ಸರ್ಕಾರದ ಯೋಜನೆಗಳು ನಿಜವಾಗ್ಲೂ ಬದಲಾಗುತ್ತವಾ?

ಬದಲಾಗುತ್ತವೆ. ನಾನು ಸಿಂಧನೂರು ಕಡೆಯವನು, ನಮ್ಮ ತುಂಗಭದ್ರಾ ಡ್ಯಾಮನ್ನೇ ನೋಡಿ. 1953ರಲ್ಲಿ ಕಟ್ಟಿ ಮುಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು). ಈಗ ಲೆಕ್ಕಕ್ಕೆ ಹಿಡಿಯೋದು 105.78. ಉಳಿದ ಜಾಗದಲ್ಲಿ ಹೂಳು ಕೂತಿದೆ. ಯಾರೋ ಸುಮ್ನೆ ಅಂದಾಜಿಗೆ ಹೇಳಿದ ಮಾತಲ್ಲ ಇದು. ದೋಣಿಯಲ್ಲಿ ಹೋಗಿ, ನೀರೊಳಗೆ ಶಬ್ದದ ಅಲೆ ಬಿಟ್ಟು, ಅದು ತಳಕ್ಕೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ಆಳ ಅಳೆಯುತ್ತಾರೆ.

ಆ ಒಂದು ಅಂಕಿ ಎಲ್ಲೆಲ್ಲಿಗೆ ಹೋಗುತ್ತೆ ಗೊತ್ತಾ? ತುಂಗಭದ್ರಾ ಮಂಡಳಿ ರಾಜ್ಯಗಳಿಗೆ ನೀರು ಹಂಚುವಾಗ ಬೇಕು, ನೀರಾವರಿ ಸಲಹಾ ಸಮಿತಿಯವರು ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಅಂತ ಚರ್ಚೆ ಮಾಡುವಾಗಲೂ ಬೇಕು. ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮತೋಲನ ಜಲಾಶಯ, ಅಂದ್ರೆ ಡ್ಯಾಮಲ್ಲಿ ಹಿಡಿಸದ ನೀರನ್ನ ಕೂಡಿಡೋ ಇನ್ನೊಂದು ಜಲಾಶಯ, ಕಟ್ಟೋ ಪ್ರಸ್ತಾಪ ಬಂದಿದ್ದೂ ಈ ಹೂಳಿನಿಂದಲೇ.

ಬಳ್ಳಾರಿ ಗಣಿಯದ್ದೂ ಹೀಗೇ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ಅಧ್ಯಯನ ಮಾಡಿ ವರದಿ ಕೊಟ್ಟ ಮೇಲೆ, ಜಿಲ್ಲೆಯಿಂದ ವರ್ಷಕ್ಕೆ 2.5 ಕೋಟಿ ಟನ್ ಕಬ್ಬಿಣದ ಅದಿರಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ ಮೊದಲು ಮಿತಿ ಹಾಕಿದರು.

ಆದ್ರೆ ಡ್ಯಾಮಿನ ಅಳತೆ ಹೇಳೋದು ಎಷ್ಟು ನೀರು ಹಿಡಿಯುತ್ತೆ ಅಂತ ಮಾತ್ರ. ಯಾರಿಗೆ ಎಷ್ಟು ಅನ್ನೋದು ಸಭೆಯಲ್ಲಿ ಕೂತವರ ಕೈಯಲ್ಲಿರುತ್ತೆ. ಅದಕ್ಕೇ ಮಾನ್ವಿ ಕಡೆ ಕಾಲುವೆಯ ಕೊನೇ ಭಾಗದ ರೈತರು ಭತ್ತದ ಸಸಿ ಮಡಿ ಹಾಕೋ ಮೊದಲು ಡ್ಯಾಮಿನ ಮಟ್ಟವನ್ನೂ ಕೇಳ್ತಾರೆ, ಸಭೆ ಯಾವತ್ತು ಅಂತಾನೂ ಕೇಳ್ತಾರೆ.